ಪ್ರಾಜೆಕ್ಟ್ ಗೈಡ್ ಹಂಪಿ ಮಾಡು ಅಂತಾರೆ, ನನಗೆ ನಮ್ಮ ಓಣಿಯ ಜೀನ್ಸ್ ಕೆಲಸವೇ ಬೇಕು. ಏನು ಮಾಡಲಿ?

ಪ್ರಶ್ನೆ: ಸರ್, ನಾನು ಬಳ್ಳಾರಿಯವಳು. ದೃಶ್ಯಕಲಾ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಫೋಟೊಗ್ರಫಿ ಪ್ರಾಜೆಕ್ಟಿಗೆ ನಮ್ಮ ಓಣಿಯ ಮನೆಗಳಲ್ಲಿ ನಡೆಯುವ ಜೀನ್ಸ್ ಕೆಲಸ ಆರಿಸಿಕೊಂಡೆ. ನಮ್ಮ ಅಮ್ಮನೂ ಅದೇ ಮಾಡುತ್ತಾರೆ. ಹೊಲಿದು ಬಂದ ಪ್ಯಾಂಟಿನ ಹೆಚ್ಚಿನ ದಾರ ಕತ್ತರಿಸುವುದು, ಪೀಸ್ ಲೆಕ್ಕದಲ್ಲಿ ದುಡ್ಡು. ಗೈಡ್ ನೋಡಿ ‘ಇದು ಪೇಪರಿನವರ ಫೋಟೊ, ಕಲೆ ಅಲ್ಲ. ಹಂಪಿ ಮಾಡು, ಇಲ್ಲವೇ ಯಾವುದಾದರೂ ಜಾತ್ರೆ ಮಾಡು’ ಅಂದರು. ಇನ್ನೊಬ್ಬ ಸರ್ ‘ಜೀನ್ಸೇ ಬೇಕು ಅಂದ್ರೆ ಕೋಟೆ ಮುಂದೆ ಇಬ್ಬರು ಮಾಡೆಲ್ ನಿಲ್ಲಿಸಿ ತೆಗಿ’ ಅಂದರು. ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲೇ ಇದೆ. ಅಮ್ಮ ಬೇರೆ ತನ್ನ ಮುಖ ಬರೋದು ಬೇಡ ಅಂತಾರೆ. ಜೀನ್ಸ್ ತೊಳೆಯುವ ವಾಷಿಂಗ್ ಘಟಕಗಳನ್ನೂ ಸೇರಿಸಬೇಕು ಅಂತ ಆಸೆ ಇದೆ. ತೆಗೆದ ಫೋಟೊಗಳಲ್ಲಿ ಕೆಲವನ್ನು ಕಳಿಸಿದ್ದೇನೆ. ವಿಷಯ ಬದಲಾಯಿಸಲಾ?

ಉತ್ತರ:

ತಂಗಿ, ನೀನು ಕಳಿಸಿದ ಫೋಟೊಗಳನ್ನೆಲ್ಲ ನೋಡಿದೆ. ವಿಷಯ ಬಿಡಬೇಡ. ಹಾಗಂತ ಈಗಿರುವ ಫೋಟೊಗಳನ್ನು ಹಿಡಿದುಕೊಂಡು ಗೈಡ್ ಜೊತೆ ವಾದಕ್ಕೂ ಹೋಗಬೇಡ. ನಿನ್ನ ವಿಷಯ ಗಟ್ಟಿಯಾಗಿದೆ, ಫೋಟೊಗಳು ಇನ್ನೂ ಅಷ್ಟು ಗಟ್ಟಿಯಾಗಿಲ್ಲ. ನಿಮ್ಮ ಗೈಡ್ ಕಣ್ಣಿಗೆ ಬಿದ್ದಿರುವುದು ಬಹುಶಃ ಫೋಟೊಗಳ ಕೊರತೆ, ಬಾಯಲ್ಲಿ ಬಂದಿರುವುದು ಮಾತ್ರ ವಿಷಯದ ಮೇಲಿನ ದೂರು. ಪರೀಕ್ಷಕನಾಗಿ ಕಾಲೇಜುಗಳಿಗೆ ಹೋದಾಗ ಇದನ್ನು ಬಹಳ ನೋಡಿದ್ದೇನೆ. ಫೋಟೊ ಕೈಕೊಟ್ಟಾಗ ಮೇಷ್ಟ್ರು ವಿಷಯವನ್ನು ಬೈಯುತ್ತಾರೆ, ವಿದ್ಯಾರ್ಥಿ ವಿಷಯವನ್ನು ಸಮರ್ಥಿಸಿಕೊಳ್ಳುತ್ತಾನೆ, ಫೋಟೊ ಬಗ್ಗೆ ಯಾರೂ ಮಾತಾಡುವುದೇ ಇಲ್ಲ.

ನಿಮ್ಮ ಮೇಷ್ಟ್ರು ಯಾಕೆ ಹಂಪಿ ಅಂತಾರೆ ಅನ್ನುವುದನ್ನು ಸ್ವಲ್ಪ ಅರ್ಥ ಮಾಡಿಕೋ. ಕರ್ನಾಟಕದಲ್ಲಿ ಫೋಟೊಗ್ರಫಿ ಕಲಿತವರಲ್ಲಿ ಬಹಳ ಜನ ಸಲೋನ್ ದಾರಿಯಲ್ಲಿ, ಅಂದರೆ ಫೋಟೊ ಸ್ಪರ್ಧೆ, ಪ್ರದರ್ಶನಗಳ ದಾರಿಯಲ್ಲಿ ಬಂದವರು. 1971ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಕೂಟಗಳು, ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ದೊಡ್ಡ ವನ್ಯಜೀವಿ ಫೋಟೊಗ್ರಾಫರುಗಳು, ಊರೂರಿನ ಸ್ಪರ್ಧೆಗಳು, ಎಲ್ಲ ಸೇರಿ ಕಟ್ಟಿದ ಪರಂಪರೆ ಅದು. ಆ ದಾರಿಯಲ್ಲಿ ಒಂದೊಂದು ಫೋಟೊವೂ ಒಂಟಿಯಾಗಿ ಗೋಡೆ ಮೇಲೆ ನಿಲ್ಲಬೇಕು. ಬೆಳಕು, ಚೌಕಟ್ಟು, ಕ್ಷಣ ಮೂರೂ ಸರಿ ಇರಬೇಕು. ಬೇಡದ ಒಂದು ಕಡ್ಡಿಯೂ ಮೂಲೆಯಲ್ಲಿ ಕಾಣಬಾರದು. ಇದು ಒಳ್ಳೆ ಶಿಸ್ತು. ಇದನ್ನು ಕಲಿತವರ ಹತ್ತಿರ ನೀನು ಕಲಿಯಬೇಕಾದ್ದು ಬೇಕಾದಷ್ಟಿದೆ. ಆದರೆ ಹತ್ತಿಪ್ಪತ್ತು ಫೋಟೊ ಸಾಲಾಗಿ ಇಟ್ಟು ಒಂದು ಬದುಕನ್ನು ಹೇಳುವ ದಾರಿ ಬೇರೆ. ಅಲ್ಲಿ ಒಂದು ಫೋಟೊ ಸುಮ್ನೆ ಬಾಗಿಲು ತೋರಿಸಬಹುದು, ಇನ್ನೊಂದು ಬರೀ ಲೆಕ್ಕದ ಪುಸ್ತಕ ತೋರಿಸಬಹುದು. ಒಂಟಿಯಾಗಿ ನೋಡಿದರೆ ಅವು ಸಾಧಾರಣ, ಸಾಲಿನಲ್ಲಿ ಇಟ್ಟಾಗ ಅವಕ್ಕೆ ಜೀವ. ನೀನು ಎರಡನೆಯ ದಾರಿಯ ಕೆಲಸವನ್ನು ಮೊದಲ ದಾರಿಯ ಕಣ್ಣಿಗೆ ಒಂದೊಂದಾಗಿ ಫೋನಿನಲ್ಲಿ ತೋರಿಸಿದ್ದೀ ಅಂತ ಕಾಣುತ್ತದೆ. ಹಾಗೆ ತೋರಿಸಿದರೆ ಯಾರಿಗಾದರೂ ಅದು ಪೇಪರ್ ಫೋಟೊ ಅನ್ನಿಸುತ್ತದೆ.

ಇದರ ಜೊತೆ ಅವರಿಗೆ ಇನ್ನೂ ಎರಡು ಭಯ ಇರುತ್ತದೆ. ಹೊರಗಿನ ಪರೀಕ್ಷಕರು ಬಂದು ಏನಂತಾರೋ ಅನ್ನುವುದು ಒಂದು. ಕೂಲಿ, ಹೆಂಗಸರು, ಮಕ್ಕಳು, ಮಾಲೀಕರು ಅಂತ ಎಲ್ಲಾದರೂ ತಕರಾರು ಬಂದರೆ ಕಾಲೇಜಿನ ಹೆಸರು ಎಳೆಯುತ್ತಾರೆ ಅನ್ನುವುದು ಇನ್ನೊಂದು. ಹಂಪಿಯಲ್ಲಿ ಈ ಎರಡೂ ಇಲ್ಲ. ಕಲ್ಲಿನ ರಥ ಯಾರ ಮೇಲೂ ದೂರು ಕೊಡುವುದಿಲ್ಲ. ಅವರ ಈ ಭಯವನ್ನು ನೀನು ಕೇಳಿ ತಿಳಿದುಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

‘ಇದು ಕಲೆ ಅಲ್ಲ’ ಅನ್ನುವ ಮಾತಿಗೆ ಬರೋಣ. ಈ ಮಾತು ನಿನ್ನನ್ನು ಕುಗ್ಗಿಸಬಾರದು, ಯಾಕಂದರೆ ಇದೇ ಕೆಲಸವನ್ನು, ನಿಜವಾಗಿ ಇದೇ ಕೆಲಸವನ್ನು, ನೂರು ವರ್ಷಕ್ಕೂ ಹಿಂದೆ ಒಬ್ಬ ಮೇಷ್ಟ್ರು ಫೋಟೊ ತೆಗೆದಿದ್ದಾರೆ. ಲೂಯಿಸ್ ಹೈನ್ ಅಂತ. ನ್ಯೂಯಾರ್ಕಿನಲ್ಲಿ ಶಾಲಾ ಮಾಸ್ತರರಾಗಿದ್ದವರು, 1908ರಿಂದ ಅಮೆರಿಕದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಊರೂರು ಸುತ್ತಿ ಗಿರಣಿ, ಗಣಿಗಳಲ್ಲಿ ದುಡಿಯುವ ಮಕ್ಕಳ ಫೋಟೊ ತೆಗೆದರು. ಅವರ ಗಿರಣಿ ಫೋಟೊಗಳು ಎಲ್ಲರಿಗೂ ಗೊತ್ತು. ಆದರೆ ನೀನು ನೋಡಬೇಕಾದ್ದು ನ್ಯೂಯಾರ್ಕಿನ ವಠಾರದ ಮನೆಗಳ ಒಳಗೆ ತೆಗೆದವು. ಅಡುಗೆಮನೆಯ ಮೇಜಿನ ಸುತ್ತ ತಾಯಿ, ಮಕ್ಕಳು, ಕೆಲವೊಮ್ಮೆ ಅಜ್ಜಿ. ಮಧ್ಯದಲ್ಲಿ ಪ್ಯಾಂಟುಗಳ ರಾಶಿ. ಕಾರ್ಖಾನೆಯಲ್ಲಿ ಹೊಲಿದದ್ದನ್ನು ಮನೆಗೆ ತಂದು ಫಿನಿಶಿಂಗ್ ಮಾಡುತ್ತಿದ್ದಾರೆ. ನಿಮ್ಮ ಓಣಿಯೇ, ಊರು ಮಾತ್ರ ಬೇರೆ! ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಆ ಸಮಿತಿಗಾಗಿ ತೆಗೆದ 5,000ಕ್ಕೂ ಹೆಚ್ಚು ಫೋಟೊಗಳಿವೆ, ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಬರೀ ಫೋಟೊ ನೋಡಬೇಡ, ಕೆಳಗೆ ಅವರು ಬರೆದ ಸಾಲುಗಳನ್ನೂ ಓದು. ಯಾರು, ಎಷ್ಟು ವಯಸ್ಸು, ಯಾವ ಕೆಲಸ, ಎಷ್ಟು ದುಡ್ಡು, ಯಾವ ತಾರೀಖು. ಆ ಸಾಲುಗಳಿಂದಲೇ ಆ ಫೋಟೊಗಳನ್ನು ತಳ್ಳಿಹಾಕುವುದು ಕಷ್ಟವಾಯಿತು. ಇವತ್ತು ಅವೇ ಫೋಟೊಗಳು ದೊಡ್ಡ ದೊಡ್ಡ ಕಲಾ ಮ್ಯೂಸಿಯಂಗಳಲ್ಲಿವೆ.

ನಮ್ಮಲ್ಲೂ ಇದ್ದಾರೆ. ಮುಂಬೈನ ಪೌರಕಾರ್ಮಿಕರ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಿ ತೆಗೆದ ಫೋಟೊಗ್ರಾಫರ್ ಸುಧಾರಕ ಓಲ್ವೆ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು. ಪತ್ರಕರ್ತ ಪಿ. ಸಾಯಿನಾಥ್ ಹಳ್ಳಿ ಹೆಂಗಸರ ದುಡಿಮೆಯನ್ನೇ ವಿಷಯ ಮಾಡಿಕೊಂಡು 1993ರಿಂದ 2002ರವರೆಗೆ ತೆಗೆದ ಫೋಟೊಗಳ ಪ್ರದರ್ಶನ ಊರೂರು ತಿರುಗಿದೆ. ಈ ಹೆಸರುಗಳನ್ನು ಗೈಡ್ ಮುಂದೆ ಎಸೆಯಬೇಡ. ಎಸೆದರೆ ನೀನು ಅವರಿಗೆ ಪಾಠ ಹೇಳಲು ಬಂದ ಹಾಗೆ ಆಗುತ್ತದೆ, ಯಾರಿಗೂ ಅದು ಸೇರುವುದಿಲ್ಲ. ಪ್ರಾಜೆಕ್ಟ್ ವರದಿಯಲ್ಲಿ ಒಂದು ಪುಟ ಹೈನ್ ಬಗ್ಗೆ ಬರೆ, ಅವರೇ ಓದಲಿ.

ಈಗ ನಿನ್ನ ಫೋಟೊಗಳು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು, ಯಾಕಂದರೆ ನಿನ್ನ ಕೆಲಸ ಗೆಲ್ಲುವುದೂ ಸೋಲುವುದೂ ಇಲ್ಲೇ.

ಬಹುತೇಕ ಎಲ್ಲ ಫೋಟೊಗಳನ್ನೂ ನೀನು ನಿಂತು ತೆಗೆದಿದ್ದೀ. ಅವರು ನೆಲದ ಮೇಲೆ ಕೂತಿದ್ದಾರೆ. ಹಾಗಾಗಿ ಎಲ್ಲ ಫೋಟೊಗಳಲ್ಲೂ ನಡು ನೆತ್ತಿ, ಬೈತಲೆ, ಬಗ್ಗಿದ ಬೆನ್ನು. ನೋಡುವವರಿಗೆ ಅವರು ಸಣ್ಣವರಾಗಿ ಕಾಣುತ್ತಾರೆ. ನೀನು ಹಾಗೆ ಅಂದುಕೊಂಡಿಲ್ಲ ಅಂತ ನನಗೆ ಗೊತ್ತು, ಅವರು ನಿನ್ನ ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಅಕ್ಕ. ಆದರೆ ಕ್ಯಾಮೆರಾ ಹಾಗೆ ಹೇಳುತ್ತಿದೆ. ನೆಲದ ಮೇಲೆ ಕೂತುಕೋ. ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೆ ಬರಲಿ, ಇಲ್ಲವೇ ಕೈಯ ಮಟ್ಟಕ್ಕೆ. ಇದೊಂದೇ ಬದಲಾವಣೆ ಮಾಡಿದರೂ ನಿನ್ನ ಫೋಟೊಗಳ ಧಾಟಿಯೇ ಬೇರೆಯಾಗುತ್ತದೆ. ಅವರ ಮುಂದಿರುವ ಪ್ಯಾಂಟಿನ ರಾಶಿ ನಿಜವಾಗಿ ಎಷ್ಟು ಎತ್ತರ ಅನ್ನುವುದೂ ಆಗಲೇ ಕಾಣುವುದು. ಮೇಲಿನಿಂದ ನೋಡಿದರೆ ರಾಶಿ ಚಪ್ಪಟೆ.

ಎರಡನೆಯದು, ಎಲ್ಲರೂ ನಿನ್ನನ್ನು ನೋಡಿ ನಗುತ್ತಿದ್ದಾರೆ. ಬಂದ ತಕ್ಷಣ ಕ್ಯಾಮೆರಾ ತೆಗೆದಿದ್ದೀ ಅನ್ನಿಸುತ್ತದೆ. ಕ್ಯಾಮೆರಾ ಚೀಲದಲ್ಲೇ ಇರಲಿ, ಒಂದು ಕತ್ತರಿ ತಗೊಂಡು ಅವರ ಜೊತೆ ನೀನೂ ದಾರ ಕತ್ತರಿಸು. ನಿನಗೆ ಆ ಕೆಲಸ ಗೊತ್ತು. ಹೊರಗಿನಿಂದ ಬರುವ ಯಾವ ಫೋಟೊಗ್ರಾಫರಿಗೂ ಇಲ್ಲದ ಅನುಕೂಲ ಇದು. ಹಂಪಿಗೆ ದಿನಾ ನೂರಾರು ಕ್ಯಾಮೆರಾ ಬರುತ್ತವೆ, ನಿಮ್ಮ ಓಣಿಯ ಆ ಕೋಣೆಗೆ ನಿನ್ನ ಕ್ಯಾಮೆರಾ ಒಂದೇ ಹೋಗಲು ಸಾಧ್ಯ. ಮಾತು ಬೇರೆ ಕಡೆ ಹೊರಳಿ, ಯಾರದೋ ಮದುವೆ, ಯಾರದೋ ಸಾಲ, ನೀರು ಬಂತಾ ಇಲ್ಲವಾ ಅಂತ ಶುರುವಾದ ಮೇಲೆ ಕ್ಯಾಮೆರಾ ತೆಗಿ. ಆಗ ಕೈ ತಾನಾಗಿ ಓಡುತ್ತಿರುತ್ತದೆ, ಮುಖ ತನ್ನ ಪಾಡಿಗೆ ಇರುತ್ತದೆ.

ಮೂರನೆಯದು ದೂರ. ಎಲ್ಲ ಫೋಟೊವೂ ಒಂದೇ ದೂರದಿಂದ, ಸುಮಾರು ಆರು ಅಡಿ. ಓಣಿಯ ತುದಿಯಿಂದ ಇಡೀ ಓಣಿ ಕಾಣುವಂಥದ್ದು ಒಂದೂ ಇಲ್ಲ. ಉಗುರಿನ ಸಂದಿಯಲ್ಲಿ ಕೂತ ನೀಲಿ ಕಾಣುವಷ್ಟು ಹತ್ತಿರದ್ದೂ ಇಲ್ಲ. ಹೊಸ ಜೀನ್ಸ್ ಬಟ್ಟೆಯ ಬಣ್ಣ ಕೈಗೆ ಹತ್ತುತ್ತದೆ ಅಲ್ವಾ, ದಿನವಿಡೀ ಆ ಬಟ್ಟೆ ಹಿಡಿದವರ ಬೆರಳು, ಸೀರೆಯ ಮಡಿಲು, ಕೂತ ಚಾಪೆ, ಒರಗಿದ ಗೋಡೆ, ಎಲ್ಲೆಲ್ಲಿ ನೀಲಿ ಹತ್ತಿದೆ ಹುಡುಕು. ಅದನ್ನು ನಿಮ್ಮ ಗೈಡ್ ಕಲೆ ಅಲ್ಲ ಅನ್ನಲಾರರು, ಬಣ್ಣ ಮತ್ತು ಆಕಾರದ ವಿಷಯ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇನ್ನೂ ದೊಡ್ಡ ಕೊರತೆ ಅಂದರೆ ನಿನ್ನ ಫೋಟೊಗಳಲ್ಲಿ ಹೊತ್ತು ಇಲ್ಲ. ಬೆಳಿಗ್ಗೆ ಯಾವುದು, ರಾತ್ರಿ ಯಾವುದು ಗೊತ್ತಾಗುವುದಿಲ್ಲ. ಎಲ್ಲರೂ ಯಾವಾಗಲೂ ದಾರ ಕತ್ತರಿಸುತ್ತಲೇ ಇದ್ದಾರೆ. ಜೀನ್ಸಿನ ಒಂದು ಗಂಟನ್ನು ಹಿಂಬಾಲಿಸು. ಕಟಿಂಗ್, ಹೊಲಿಗೆ ಎಲ್ಲ ಮುಗಿದು ಆ ಗಂಟು ಯಾರ ಗಾಡಿ ಮೇಲೆ ಮನೆಗೆ ಬಂತು, ಯಾರು ಎಣಿಸಿಕೊಂಡರು, ಲೆಕ್ಕ ಎಲ್ಲಿ ಬರೆದರು, ಅಡುಗೆ ಮಾಡುವಾಗ ಅದನ್ನು ಎಲ್ಲಿ ಸರಿಸಿದರು, ನೆಂಟರು ಬಂದರೆ ಎಲ್ಲಿ ಅಡಗಿಸಿದರು, ರಾತ್ರಿ ಮಲಗುವಾಗ ಜಾಗ ಹೇಗೆ ಮಾಡಿಕೊಂಡರು, ಮರುದಿನ ಯಾರು ಒಯ್ದರು, ದುಡ್ಡು ಯಾವಾಗ ಬಂತು. ಲೆಕ್ಕದ ಪುಸ್ತಕದ ಫೋಟೊ ಖಂಡಿತ ಇರಲಿ. ಅಕ್ಷರ ಅಮ್ಮನದೋ ನಿನ್ನದೋ, ಅದೂ ಒಂದು ಕಥೆ.

ನೀನು ಕಳಿಸಿದ್ದರಲ್ಲಿ ಒಂದು ಫೋಟೊ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಜೀನ್ಸ್ ಗಂಟಿನ ಮೇಲೆ ಶಾಲೆಯ ನೋಟ್‌ಬುಕ್ ಇಟ್ಟುಕೊಂಡು ಯಾವುದೋ ಮಗು ಬರೆಯುತ್ತಿದೆ. ಕೈ ಅಷ್ಟೇ ಕಾಣುತ್ತದೆ, ಮುಖವಿಲ್ಲ. ಬಹುಶಃ ಅದನ್ನು ನೀನು ಮುಖ್ಯ ಅಂದುಕೊಂಡೇ ಇಲ್ಲ, ಕೊನೆಯಲ್ಲಿ ಸೇರಿಸಿದ್ದೀ. ನಿನ್ನ ಇಡೀ ಪ್ರಾಜೆಕ್ಟ್ ಅಲ್ಲಿದೆ! ನೀನು ‘ಬಳ್ಳಾರಿಯ ಜೀನ್ಸ್ ಉದ್ಯಮ’ ಅಂತ ತಲೆಬರಹ ಹಾಕಿದ್ದೀ. ಅದು ತುಂಬಾ ದೊಡ್ಡದಾಯಿತು, ಒಬ್ಬ ವಿದ್ಯಾರ್ಥಿ ಒಂದು ಸೆಮಿಸ್ಟರ್‌ನಲ್ಲಿ ಮುಗಿಸುವಂಥದ್ದಲ್ಲ. ನಿನ್ನ ವಿಷಯ ಉದ್ಯಮ ಅಲ್ಲ. ಒಂದೇ ಕೋಣೆಯಲ್ಲಿ ಸಂಸಾರವೂ ಜೀನ್ಸೂ ಹೇಗೆ ಜಾಗ ಹಂಚಿಕೊಳ್ಳುತ್ತವೆ ಅನ್ನುವುದು ನಿನ್ನ ವಿಷಯ. ಈ ಒಂದು ಸಾಲು ಕೈಯಲ್ಲಿದ್ದರೆ ಯಾವ ಫೋಟೊ ಇಡಬೇಕು, ಯಾವುದು ಬಿಡಬೇಕು ತಾನಾಗಿ ಗೊತ್ತಾಗುತ್ತದೆ.

ಅದೇ ಕಾರಣಕ್ಕೆ ವಾಷಿಂಗ್ ಘಟಕಗಳನ್ನು ಈ ಸಲ ಬಿಡು. ಅಲ್ಲಿನ ರಾಸಾಯನಿಕ, ಬಣ್ಣದ ನೀರು, ಅದು ಎಲ್ಲಿಗೆ ಹೋಗುತ್ತದೆ ಅನ್ನುವುದು ಬೇರೆಯೇ ಕೆಲಸ, ಅದಕ್ಕೆ ಬೇರೆ ಅನುಮತಿ, ಬೇರೆ ತಯಾರಿ ಬೇಕು. ಬಳ್ಳಾರಿ ಪಕ್ಕದ ಮುಂಡರಗಿ ಕಡೆಯ ದೊಡ್ಡ ಘಟಕಗಳೂ ಬೇಡ. ನಿನ್ನ ಓಣಿಯಲ್ಲಿ ಮೂರು ಮನೆ ಸಾಕು.

ಬೆಳಕಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕೆಲವು ಫೋಟೊಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬಂದಿದೆ. ಅದು ಕ್ಯಾಮೆರಾ ದೋಷ ಅಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗ 1/50 ಅಥವಾ 1/100 ಇಟ್ಟರೆ ಪಟ್ಟೆ ಹೋಗುತ್ತದೆ. 1/100 ಇಡು, ಕತ್ತರಿ ಆಡಿಸುವ ಕೈ ಸ್ವಲ್ಪ ಅಲುಗಿದಂತೆ ಬಂದರೂ ಚೆನ್ನಾಗಿರುತ್ತದೆ. ಕಾಲೇಜಿನ ಕ್ಯಾಮೆರಾಕ್ಕೆ 18-55 ಲೆನ್ಸ್ ಇದ್ದರೆ 18ರ ಕಡೆ ಇಟ್ಟುಕೊಂಡು ಬೆಳಕಿನ ಕಿಂಡಿಯನ್ನು (ಅಪರ್ಚರ್) ಪೂರ್ತಿ ತೆರೆ, ಕ್ಯಾಮೆರಾ ಬೆಳಕು ಹಿಡಿಯುವ ಶಕ್ತಿಯ ಅಳತೆಯಾದ ಐಎಸ್‌ಒ 1600, ಬೇಕಾದರೆ 3200. ಕಾಳು ಕಾಳು ಬರುತ್ತದೆ ಅಂತ ಹೆದರಬೇಡ, ಅಲುಗಿ ಮಸುಕಾದ ಮುಖಕ್ಕಿಂತ ಅದು ವಾಸಿ. ಫ್ಲಾಶ್ ಮಾತ್ರ ಹಾಕಬೇಡ. ಹಗಲಾದರೆ ಸಾಧ್ಯವಾದಾಗ ಟ್ಯೂಬ್‌ಲೈಟ್ ಆರಿಸಿಬಿಡು. ಕಿಟಕಿಯ ಬೆಳಕು ಒಂದು ಬಣ್ಣ, ಟ್ಯೂಬಿನದು ಇನ್ನೊಂದು ಬಣ್ಣ, ಎರಡೂ ಸೇರಿದರೆ ಮುಖ ಹಸಿರು ತಿರುಗುತ್ತದೆ, ನಿನಗೆ ಬೇಕಾದ ಜೀನ್ಸಿನ ನೀಲಿಯೂ ಕೆಡುತ್ತದೆ. ನಮ್ಮ ಬಳ್ಳಾರಿ ಬಿಸಿಲು ಹೊರಗೆ ಮುಖದ ಮೇಲೆ ಬಿದ್ದರೆ ಕೆಟ್ಟದು, ಆದರೆ ಅದೇ ಬಿಸಿಲು ಎದುರು ಮನೆಯ ಸುಣ್ಣದ ಗೋಡೆಗೆ ಬಡಿದು ಬಾಗಿಲಿಂದ ಒಳಗೆ ಬಂದರೆ ಅದಕ್ಕಿಂತ ಒಳ್ಳೆ ಬೆಳಕು ಯಾವ ಸ್ಟುಡಿಯೊದಲ್ಲೂ ಸಿಗದು. ಕರೆಂಟು ಹೋದಾಗ ಎಲ್ಲರೂ ಗಂಟು ಎಳೆದುಕೊಂಡು ಬಾಗಿಲ ಹತ್ತಿರ ಬರುತ್ತಾರೆ. ಆ ಹೊತ್ತನ್ನು ಬಿಡಬೇಡ.

ಅಮ್ಮನ ಮುಖದ ಮಾತು. ಬೇಡ ಅಂದರೆ ಬೇಡ, ಅಷ್ಟೇ. ಒಪ್ಪಿಸಲು ಹೋಗಬೇಡ, ಅತ್ತು ಕರೆದು ಒಪ್ಪಿಸುವುದಂತೂ ದೂರ ಇರಲಿ. ಅಮ್ಮನಿಗೆ ಕೆಲಸ ಕೊಡುವವರು ಈ ಫೋಟೊ ನೋಡಿ ‘ನಮ್ಮ ಮೇಲೆ ಏನೋ ಬರೀತಾರಂತೆ’ ಅಂದುಕೊಂಡರೆ ಗಂಟು ಬರುವುದು ನಿಲ್ಲಬಹುದು. ಆ ಲೆಕ್ಕ ಅಮ್ಮನಿಗೆ ನಿನಗಿಂತ ಚೆನ್ನಾಗಿ ಗೊತ್ತಿದೆ. ಮುಖವಿಲ್ಲದೆ ಪ್ರಾಜೆಕ್ಟ್ ನಿಲ್ಲುತ್ತದಾ ಅಂತ ಭಯ ಬೇಡ. ಕೈ, ಬೆನ್ನು, ಬಾಗಿಲಿಗೆ ಎದುರಾಗಿ ಕೂತಾಗ ಬರುವ ಕಪ್ಪು ಆಕಾರ, ಮೊಳೆಗೆ ನೇತುಹಾಕಿದ ಕನ್ನಡಕ, ಇವುಗಳಲ್ಲೇ ಒಬ್ಬ ಮನುಷ್ಯಳನ್ನು ಪೂರ್ತಿ ತೋರಿಸಬಹುದು. ಉಳಿದ ಮನೆಗಳಲ್ಲಿ ಮುಖ ತೋರಿಸಲು ಒಪ್ಪುವವರಿದ್ದರೆ ಅವರನ್ನು ಕೇಳು, ಎಲ್ಲಿ ಪ್ರದರ್ಶನ ಆಗುತ್ತದೆ, ಯಾರು ಯಾರು ನೋಡುತ್ತಾರೆ, ಅಂತರ್ಜಾಲಕ್ಕೆ ಹೋಗುತ್ತದಾ ಇಲ್ಲವಾ ಎಲ್ಲ ಬಿಡಿಸಿ ಹೇಳಿ ಕೇಳು. ಒಪ್ಪಿಗೆಯನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಓದಿ ಹೇಳಿ ಸಹಿ ತಗೋ. ಉರ್ದು, ತೆಲುಗು ಮಾತಾಡುವ ಮನೆಯಾದರೆ ಅವರ ಮಾತಲ್ಲೇ ವಿವರಿಸು. ಮಕ್ಕಳ ಮುಖ ಮಾತ್ರ ಯಾರು ಒಪ್ಪಿದರೂ ಬೇಡ. ಶಾಲೆ ಬಿಟ್ಟು ಬಂದ ಮಗು ಅಮ್ಮನಿಗೆ ಕೈ ಕೊಡುತ್ತಿರುವ ಫೋಟೊ ನಿನಗೆ ಮನೆಯ ಪ್ರೀತಿಯಾಗಿ ಕಾಣಬಹುದು, ಗೋಡೆ ಮೇಲೆ ಏರಿದಾಗ ನೋಡುವವರು ಅದನ್ನು ಬೇರೆಯೇ ಹೆಸರಿನಿಂದ ಕರೆಯುತ್ತಾರೆ, ತೊಂದರೆ ಆ ಮನೆಗೆ. ಇನ್ನೊಂದು, ಯಾರ ಫೋಟೊ ತೆಗೆದರೂ ಅವರಿಗೊಂದು ಪ್ರಿಂಟ್ ಕೊಡು. ಗುಂಪಿಗೆ ಕಳಿಸುವ ಫೋನ್ ಫೋಟೊ ಅಲ್ಲ, ಕಾಗದದ್ದು.

ಈ ಒಪ್ಪಿಗೆ ಪತ್ರಗಳಿಂದ ಇನ್ನೊಂದು ಉಪಯೋಗ ಇದೆ. ಗೈಡಿಗೆ ಇರುವ ಎರಡನೇ ಭಯ ಹೇಳಿದೆನಲ್ಲ, ಅದಕ್ಕೆ ಉತ್ತರ ಇದೇ.

ಗೈಡ್ ಹತ್ತಿರ ಹೋಗುವ ರೀತಿ ಹೇಳುತ್ತೇನೆ. ಇನ್ನೆರಡು ವಾರ ಮೇಲೆ ಹೇಳಿದ ಹಾಗೆ ಹೊಸದಾಗಿ ತೆಗಿ. ಆಮೇಲೆ ಹಳೆಯದು ಹೊಸದು ಎಲ್ಲ ಸೇರಿಸಿ ನಲವತ್ತಕ್ಕೆ ಇಳಿಸು, ನಾಲ್ಕು ಬೈ ಆರು ಸೈಜಿನ ಸಾದಾ ಪ್ರಿಂಟ್ ಹಾಕಿಸು. ಮನೆಯಲ್ಲಿ ನೆಲದ ಮೇಲೆ ಹರಡಿ, ಒಂದೇ ಮಾತು ಹೇಳುವ ಎರಡು ಫೋಟೊ ಕಂಡರೆ ಒಂದನ್ನು ತೆಗೆದುಹಾಕು. ಹದಿನೈದಕ್ಕೆ ಬರುವವರೆಗೆ ತೆಗೆಯುತ್ತಲೇ ಇರು. ನೋವಾಗುತ್ತದೆ, ಆದರೂ ತೆಗಿ. ಆ ಹದಿನೈದನ್ನು ಗೈಡಿನ ಮೇಜಿನ ಮೇಲೆ ಸಾಲಾಗಿ ಹರಡು. ಫೋನಿನಲ್ಲಿ ತೋರಿಸಬೇಡ. ಮೊದಲು ಅವರೇ ನೋಡಲಿ, ನೀನು ಸುಮ್ಮನಿರು. ಸಲೋನ್ ಕಣ್ಣಿನವರು ಪ್ರಿಂಟ್ ಕಂಡರೆ ಕೈ ಸುಮ್ಮನೆ ಇಡಲಾರರು, ಒಂದನ್ನು ಅತ್ತ ಸರಿಸುತ್ತಾರೆ, ಇನ್ನೊಂದನ್ನು ಮೂಲೆ ಮುಚ್ಚಿ ನೋಡುತ್ತಾರೆ. ಹಾಗೆ ಸರಿಸಲು ಶುರು ಮಾಡಿದರೆ ಅವರು ನಿನ್ನ ಪ್ರಾಜೆಕ್ಟಿನ ಒಳಗೆ ಬಂದರು ಅಂತ ಅರ್ಥ.

ಆಗ ಕೇಳು: ‘ಸರ್, ಹೊರಗಿನ ಪರೀಕ್ಷಕರು ಇದರಲ್ಲಿ ಏನು ಕೊರತೆ ಹೇಳಬಹುದು?’ ‘ಯಾಕೆ ಸರ್ ಇದು ಕಲೆ ಅಲ್ಲ’ ಅಂತ ಕೇಳಬೇಡ. ಮೊದಲ ಪ್ರಶ್ನೆಗೆ ಅವರು ಕೆಲಸಕ್ಕೆ ಬರುವ ಉತ್ತರ ಕೊಡುತ್ತಾರೆ, ಎರಡನೆಯದಕ್ಕೆ ಭಾಷಣ ಕೊಡುತ್ತಾರೆ. ಅವರು ಹೇಳಿದ ಕೊರತೆಗಳನ್ನು ಅಲ್ಲೇ ಬರೆದುಕೋ. ಮುಂದಿನ ಸಲ ಹೋಗುವಾಗ ಆ ಕೊರತೆ ತುಂಬಿದ ಫೋಟೊಗಳನ್ನು ತೋರಿಸು. ಚೌಕಟ್ಟು ಬಿಗಿ ಮಾಡು ಅಂದರೆ ಮಾಡು. ಹಿನ್ನೆಲೆಯಲ್ಲಿ ಪ್ಲಾಸ್ಟಿಕ್ ಬಕೆಟ್ ಕಣ್ಣಿಗೆ ಚುಚ್ಚುತ್ತದೆ ಅಂದರೆ ನೀನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ತೆಗಿ, ಬಕೆಟ್ ಎತ್ತಿಡಬೇಡ. ಮನೆಯ ವಸ್ತು ಇದ್ದಲ್ಲೇ ಇರಬೇಕು, ಈ ಬಗೆಯ ಕೆಲಸದಲ್ಲಿ ಅದೊಂದು ಕಟ್ಟುಪಾಡು. ಅದನ್ನು ಅವರಿಗೂ ವಿನಯದಿಂದ ಹೇಳು. ನಿಮ್ಮ ವಿಭಾಗದ ನಿಯಮದ ಹಾಳೆಯನ್ನೂ ಒಮ್ಮೆ ತೆಗೆದು ಓದು. ವಿಷಯ ಯಾರು ಆರಿಸಬೇಕು, ಎಷ್ಟು ಫೋಟೊ, ವೈವಾಕ್ಕೆ ಎಷ್ಟು ಅಂಕ, ಎಲ್ಲ ಅದರಲ್ಲಿರಬೇಕು. ಅದನ್ನು ಅಸ್ತ್ರದ ಹಾಗೆ ಬಳಸಬೇಡ, ಗೊತ್ತಿರಲಿ ಅಷ್ಟೇ.

ಕೋಟೆ ಮುಂದೆ ಮಾಡೆಲ್ ನಿಲ್ಲಿಸುವ ಸಲಹೆಗೆ ಮಾತ್ರ ಬೇಡ ಅನ್ನು. ಹೇಳಿದವರ ಮನಸ್ಸು ಒಳ್ಳೆಯದೇ, ಇಬ್ಬರಿಗೂ ಸಮಾಧಾನ ಆಗಲಿ ಅಂತ ಹೇಳಿದ್ದಾರೆ. ಆದರೆ ಅದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಬಳ್ಳಾರಿ ಕೋಟೆಯೂ ಕಾಣುವುದಿಲ್ಲ, ಜೀನ್ಸಿನ ಹಿಂದಿನ ಕೈಗಳೂ ಕಾಣುವುದಿಲ್ಲ, ಇಬ್ಬರು ಚೆಂದದ ಹುಡುಗರು ಹೊಸ ಪ್ಯಾಂಟು ಹಾಕಿಕೊಂಡು ನಿಂತದ್ದು ಕಾಣುತ್ತದೆ. ಅದು ಅಂಗಡಿ ಜಾಹೀರಾತು. ಅರ್ಧ ಅವರದು ಅರ್ಧ ನಿನ್ನದು ಅಂತ ಮಾಡಿದ ಪ್ರಾಜೆಕ್ಟುಗಳನ್ನು ಪರೀಕ್ಷೆಯಲ್ಲಿ ನೋಡಿದಾಗ ಬೇಸರವಾಗುತ್ತದೆ, ಯಾಕಂದರೆ ಯಾವ ಪ್ರಶ್ನೆ ಕೇಳಿದರೂ ವಿದ್ಯಾರ್ಥಿ ‘ಸರ್ ಹೇಳಿದರು’ ಅನ್ನುತ್ತಾನೆ. ನಿನ್ನದೇ ಕೆಲಸವಾದರೆ ಅದರಲ್ಲಿ ಕೊರತೆ ಇದ್ದರೂ ಉತ್ತರ ನಿನ್ನದೇ ಬಾಯಿಂದ ಬರುತ್ತದೆ. ವೈವಾದಲ್ಲಿ ನಾವು ಹುಡುಕುವುದು ಅದನ್ನೇ.

ಇಷ್ಟೆಲ್ಲ ಮಾಡಿಯೂ ಗೈಡ್ ಒಪ್ಪದಿದ್ದರೆ? ಆಗುತ್ತದೆ. ಆಗ ಇಂಟರ್ನಲ್ ಮಾರ್ಕ್ಸನ್ನು ಪಣಕ್ಕಿಟ್ಟು ಹೋರಾಡು ಅಂತ ನಾನು ಹೇಳುವುದಿಲ್ಲ. ನಿನ್ನ ಫೀಸು ಆ ಗಂಟುಗಳಿಂದಲೇ ಬಂದಿರಬೇಕು, ಡಿಗ್ರಿ ಕೈಗೆ ಬರಲೇಬೇಕು. ಹಂಪಿ ಮಾಡು. ಆದರೆ ಸಾವಿರ ಜನ ತೆಗೆದ ಸೂರ್ಯಾಸ್ತ ತೆಗೆಯಬೇಡ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಅನ್ನುವ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದರು. ಹಂಪಿಯ ಮೊದಮೊದಲ ಫೋಟೊಗಳು ಅವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅದೇ ಕೋನದಿಂದ ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನೂರಕ್ಕೂ ಹೆಚ್ಚು ವರ್ಷದಲ್ಲಿ ಯಾವ ಗೋಪುರ ಕುಸಿದಿದೆ, ಯಾವ ಕಂಬ ನಿಲ್ಲಿಸಿದ್ದಾರೆ ಎಲ್ಲ ಕಾಣುತ್ತದೆ. ನೀನು ಮೂರನೆಯವಳಾಗಿ ಅಲ್ಲಿ ನಿಲ್ಲು. ಬಳ್ಳಾರಿಯಿಂದ ಸುಮಾರು 60 ಕಿ.ಮೀ., ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರಬಹುದು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಏನೇನು ಬದಲಾಗಿದೆ, ಯಾವ ಬೇಲಿ, ಯಾವ ಫಲಕ, ಬಜಾರಿನ ಸಾಲುಮಂಟಪಗಳಲ್ಲಿ ಮೊದಲು ಏನಿತ್ತು ಈಗ ಏನಿದೆ, ಅದು ಗೈಡಿಗೂ ಇಷ್ಟವಾಗುವ, ನಿನಗೂ ಕಲಿಯಲು ಸಿಗುವ ಕೆಲಸ. ಅದೇ ಜಾಗ ಹುಡುಕಿ, ಅದೇ ಎತ್ತರ ಹುಡುಕಿ, ಅದೇ ನೆರಳಿಗೆ ಕಾಯುವುದು ಅಂದರೆ ಸುಲಭ ಅಲ್ಲ.

ಭಾನುವಾರಗಳು ಮಾತ್ರ ನಿಮ್ಮ ಓಣಿಗೆ ಇರಲಿ. ಜೀನ್ಸಿನ ಫೋಟೊಗಳನ್ನು ಪರೀಕ್ಷೆಗೆ ಅಂತ ಮುಗಿಸಬೇಕಾದ ಅವಸರ ಆಗ ಇರುವುದಿಲ್ಲ. ಮಳೆಗಾಲದಲ್ಲಿ ಗಂಟು ನೆನೆಯದಂತೆ ಏನು ಮಾಡುತ್ತಾರೆ, ಹಬ್ಬದ ಮುಂಚೆ ಮಾಲು ಜಾಸ್ತಿ ಬಂದಾಗ ರಾತ್ರಿ ಎಷ್ಟು ಹೊತ್ತು ಕೂರುತ್ತಾರೆ, ಮಾಲೇ ಬರದ ವಾರ ಆ ಕೋಣೆ ಹೇಗಿರುತ್ತದೆ, ಇದೆಲ್ಲ ಒಂದು ಸೆಮಿಸ್ಟರಿಗೆ ಸಿಗುವುದೇ ಇಲ್ಲ. ಪ್ರತಿ ಸಲ ತೆಗೆದ ದಿನವೇ ತಾರೀಖು, ಮನೆ, ಕೆಲಸ, ಅವತ್ತಿನ ಪೀಸಿನ ದರ ಬರೆದಿಡು, ಫೈಲುಗಳನ್ನು ಎರಡು ಕಡೆ ಉಳಿಸು. ಗೈಡ್ ಒಪ್ಪಿದರೂ ಒಪ್ಪದಿದ್ದರೂ, ಆ ನೋಟ್‌ಬುಕ್ ಫೋಟೊವನ್ನು ಹದಿನೈದರಲ್ಲಿ ಮೊದಲನೆಯದಾಗಿ ಇಟ್ಟು ನೋಡು, ಆಮೇಲೆ ಕೊನೆಯದಾಗಿ ಇಟ್ಟು ನೋಡು. ಯಾವುದು ಸರಿ ಅನ್ನಿಸಿತು ಅಂತ ನನಗೂ ಬರೆ.